ಹಸುವಿನ ಹಾಲಿನ ಬದಲಿಗೆ ಯಾವುದು? ಕಾಫಿ, ಟೀ, ಅಡುಗೆ, ಮೊಸರು ಎಲ್ಲಕ್ಕೂ ಒಂದೇ ಆದೀತೇ?

ಮಿಳ್ಳೆಲೋಟ
ದಿನಕ್ಕೆ ಹೆಚ್ಚುಕಡಿಮೆ 1 ಲೀಟರ್ ಬಳಕೆ. ಕಾಫಿ, ಟೀ, ಬೆಳಗಿನ ಓಟ್ಸ್ ಗಂಜಿ, ವೈಟ್ ಸಾಸ್, ಆಗಾಗ ಕೇಕ್, ಮೊಸರು, ಇಷ್ಟಕ್ಕೆ ಬೇಕು. ಈಗಿನ ತೊಂದರೆ ಮೂರು. ಅಂಗಡಿಯ ಬಾದಾಮಿ ಹಾಲು ಬಿಸಿ ಕಾಫಿಗೆ ಬಿದ್ದ ತಕ್ಷಣ ಒಡೆದು ಚೂರುಚೂರಾಗಿ ತೇಲುತ್ತದೆ. ಮನೆಯಲ್ಲಿ ಮಾಡಿದ ಓಟ್ಸ್ ಹಾಲು ಲೋಳೆಲೋಳೆ. ಸೋಯಾ ಹಾಲಿಗೆ ಹಸಿ ಕಾಳಿನ ವಾಸನೆ. "ಇದೇ ಬೆಸ್ಟ್" ಎಂಬ ಒಂದು ಸಾಲಿನ ಉತ್ತರ ಬೇಡ, ಹೀಗೇಕೆ ಆಗುತ್ತದೆ ಎಂದು ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಅಳತೆಚಮಚ
ಹೆಸರು ನೋಡಿ ಆರಿಸಿದರೆ ತಲೆನೋವು ತಪ್ಪುವುದಿಲ್ಲ. ಆ ಹಾಲಿನಲ್ಲಿ ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು, ಪಿಷ್ಟ ಇದೆಯೋ ಇಲ್ಲವೋ ಎಂದು ನೋಡಿದರೆ ಅದು ಯಾವ ಕೆಲಸಕ್ಕೆ ಬರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಪ್ರೋಟೀನ್ ಸುಮಾರು 3.3 ಗ್ರಾಂ. ಸೋಯಾ ಮತ್ತು ಬಟಾಣಿ ಹಾಲು ಮಾತ್ರ ಇದರ ಹತ್ತಿರ ಬರುತ್ತವೆ, 3ರಿಂದ 3.5 ಗ್ರಾಂ. ಓಟ್ಸ್ ಹಾಲಿನಲ್ಲಿ 1 ಗ್ರಾಂ ಅಥವಾ ಅದಕ್ಕೂ ಕಡಿಮೆ. ಅಂಗಡಿಯ ಬಾದಾಮಿ ಹಾಲಿನಲ್ಲಿ ಬಹುಪಾಲು ಅರ್ಧ ಗ್ರಾಂನ ಆಸುಪಾಸು, ಏಕೆಂದರೆ ಅದರಲ್ಲಿರುವ ಬಾದಾಮಿಯೇ ಶೇ. 2-3. ಅಕ್ಕಿ ಹಾಲಿನಲ್ಲಿ ಹೇಳಿಕೊಳ್ಳುವಷ್ಟೇನೂ ಇಲ್ಲ.

ಪ್ರೋಟೀನ್ ಇದ್ದರೆ ಹೆಪ್ಪುಗಟ್ಟುತ್ತದೆ, ನೊರೆ ನಿಲ್ಲುತ್ತದೆ, ಮೊಸರಾಗುತ್ತದೆ. ಹುಳಿ ತಾಗಿದರೆ ಒಡೆಯುವುದೂ ಅದೇ ಪ್ರೋಟೀನ್. ಪಿಷ್ಟ ಇದ್ದರೆ ಬಿಸಿಗೆ ಗಟ್ಟಿಯಾಗುತ್ತದೆ. ಸಾಸ್‌ಗೆ ಅದು ವರ, ಕಾಫಿಗೆ ಶಾಪ. ಕೊಬ್ಬಿದ್ದರೆ ಬಾಯಿಗೆ ದಪ್ಪ ಅನ್ನಿಸುತ್ತದೆ. ಎಲ್ಲಕ್ಕೂ ಒಂದೇ ಬೇಕೇಬೇಕು ಅಂದರೆ ಸಿಹಿ ಹಾಕದ ಸಾದಾ ಸೋಯಾ. ಎರಡು ಇಟ್ಟುಕೊಳ್ಳಲು ಅಡ್ಡಿಯಿಲ್ಲ ಅಂದರೆ ಅಡುಗೆ, ಮೊಸರಿಗೆ ಸೋಯಾ, ಕಾಫಿಗೆ 'ಬರಿಸ್ಟಾ' (ಕಾಫಿಗೆಂದೇ ಮಾಡಿದ್ದು) ಎಂದು ಬರೆದ ಓಟ್ಸ್.

ಲೇಬಲ್‌ಓದುಗ
ಅದಕ್ಕೂ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಹಸುವಿನ ಹಾಲು ಬಿಡುತ್ತಿರುವುದು ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಜೀರ್ಣವಾಗದ ಕಾರಣಕ್ಕೋ, ಹಾಲಿನ ಪ್ರೋಟೀನ್ ಅಲರ್ಜಿಯ ಕಾರಣಕ್ಕೋ, ಅಥವಾ ಪ್ರಾಣಿಮೂಲದ್ದೇ ಬೇಡ ಎಂದೋ?

ಬರೀ ಲ್ಯಾಕ್ಟೋಸ್ ತೊಂದರೆಯಾದರೆ ಲ್ಯಾಕ್ಟೋಸ್‌ರಹಿತ ಹಸುವಿನ ಹಾಲೇ ಸಾಕು. ಅದರಲ್ಲಿ ಲ್ಯಾಕ್ಟೇಸ್ ಕಿಣ್ವ ಬಳಸಿ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಮೊದಲೇ ಒಡೆದಿರುತ್ತಾರೆ. ಕಾಫಿಯಲ್ಲಿ, ಸಾಸ್‌ನಲ್ಲಿ ಮಾಮೂಲಿ ಹಾಲಿನಂತೆಯೇ ನಡೆದುಕೊಳ್ಳುತ್ತದೆ. ಸ್ವಲ್ಪ ಸಿಹಿ ಜಾಸ್ತಿ, ಬೇಯಿಸುವಾಗ ಬಣ್ಣ ಬೇಗ ಕಂದಾಗುತ್ತದೆ, ಅಷ್ಟೇ.

ಅಲರ್ಜಿಯಾದರೆ ಇದನ್ನು ಮುಟ್ಟಲೇಬಾರದು, ಪ್ರೋಟೀನ್ ಹಾಗೇ ಇರುತ್ತದೆ. ಮೇಕೆ ಹಾಲೂ ಪರಿಹಾರವಲ್ಲ. ಅದರ ಪ್ರೋಟೀನ್ ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಹಸುವಿನ ಹಾಲಿನ ಅಲರ್ಜಿ ಇರುವ ಹೆಚ್ಚಿನವರಿಗೆ ಅದೂ ಆಗುವುದಿಲ್ಲ.

ಮಿಳ್ಳೆಲೋಟ
ಪ್ರಾಣಿಮೂಲದ್ದು ಬೇಡ ಎಂಬುದೇ ಕಾರಣ. ಅಲರ್ಜಿ ಇಲ್ಲ. ಕಾಫಿಯಲ್ಲಿ ಒಡೆಯುವುದರ ಬಗ್ಗೆ ಹೇಳಿ.

ಕಹಿಕಾಫಿ
ಕಾಫಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5, ಅಂದರೆ ತಕ್ಕಮಟ್ಟಿಗೆ ಹುಳಿ. ಸೋಯಾ ಪ್ರೋಟೀನ್ ಪಿಎಚ್ 4.5ರ ಹತ್ತಿರ ಪೂರ್ತಿ ಗಂಟುಕಟ್ಟುತ್ತದೆ. ಬಿಸಿ ಜಾಸ್ತಿ ಇದ್ದರೆ, ಜೊತೆಗೆ ಕ್ಯಾಲ್ಸಿಯಂ ಸೇರಿಸಿದ ಹಾಲಾದರೆ, ಅದಕ್ಕೂ ಮೊದಲೇ ಶುರುವಾಗುತ್ತದೆ. ಹುಳಿ, ಬಿಸಿ, ಕ್ಯಾಲ್ಸಿಯಂ, ಮೂರರಲ್ಲಿ ಯಾವುದನ್ನು ಕಡಿಮೆ ಮಾಡಿದರೂ ಒಡೆಯುವುದು ಕಡಿಮೆಯಾಗುತ್ತದೆ. ಬಾದಾಮಿ ಹಾಲಿನಲ್ಲಿ ಪ್ರೋಟೀನ್ ಕಡಿಮೆ ಇದ್ದರೂ ಇದೇ ಕಥೆ. ಅದರ ಕಣಗಳನ್ನು ತೇಲಿಸಿ ಹಿಡಿದಿರುವುದು ಒಂದಿಷ್ಟು ಗೋಂದು, ಎಣ್ಣೆ ನೀರನ್ನು ಬೆರೆಸಿಡುವ ಲೆಸಿಥಿನ್. ಬಿಸಿ ಹುಳಿಗೆ ಬಿದ್ದಾಗ ಆ ಹಿಡಿತ ಸಡಿಲವಾಗುತ್ತದೆ.

ಮಾಡಬೇಕಾದ್ದು ಇಷ್ಟು:

ಹಾಲನ್ನು ಫ್ರಿಜ್‌ನಿಂದ ನೇರ ಸುರಿಯಬೇಡಿ. 50-55 ಡಿಗ್ರಿಗೆ ಬಿಸಿ ಮಾಡಿ, ಪಾತ್ರೆಯ ಹೊರಗೆ ಕೈಯಿಟ್ಟರೆ ಚುರುಕ್ ಅನ್ನಬೇಕು, ಆದರೆ ಕುದಿ ಬಾರದು. ಲೋಟಕ್ಕೆ ಮೊದಲು ಹಾಲು, ಆಮೇಲೆ ಕಾಫಿ, ಸಣ್ಣ ಧಾರೆಯಲ್ಲಿ, ಕಲಕುತ್ತಾ. ಉಲ್ಟಾ ಮಾಡಿದರೆ ಮೊದಲು ಬಿದ್ದ ಹನಿ ಹಾಲಿಗೆ ಇಡೀ ಲೋಟದ ಹುಳಿ ಒಮ್ಮೆಗೇ ತಾಗುತ್ತದೆ. ಕಾಫಿಯನ್ನು ಇಳಿಸಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಬಳಸಿ.

ಬೀಜ ಕಡು ಹುರಿದದ್ದಿರಲಿ. ತಿಳಿ ಹುರಿದ ಕಾಫಿಯಲ್ಲಿ ಹುಳಿ ಹೆಚ್ಚು, ಅದರ ಜೊತೆ ಸೋಯಾ ಬಹುತೇಕ ಒಡೆದೇ ಒಡೆಯುತ್ತದೆ.

'ಬರಿಸ್ಟಾ' ಪ್ಯಾಕೆಟ್ಟಿನ ಹಿಂದೆ ಇ-340 ಅಥವಾ ಡೈಪೊಟ್ಯಾಸಿಯಂ ಫಾಸ್ಫೇಟ್ ಎಂದಿರುತ್ತದೆ ನೋಡಿ. ಹುಳಿಯನ್ನು ತಡೆಹಿಡಿಯುವ ಲವಣ ಅದು. ಒಡೆಯದಿರುವುದರ ಗುಟ್ಟು ಅದೇ. ನೊರೆಗೆಂದು ಶೇ. 3ರ ಆಸುಪಾಸು ಎಣ್ಣೆಯೂ ಇರುತ್ತದೆ. ಮನೆಯ ಹಾಲಿಗೆ ಅದೇ ಕೆಲಸವನ್ನು ಅಡುಗೆ ಸೋಡಾ ಮಾಡುತ್ತದೆ, ಆದರೆ 200 ಮಿ.ಲೀ.ಗೆ ಚಾಕುವಿನ ತುದಿಯಲ್ಲಿ ಬರುವಷ್ಟು ಮಾತ್ರ. ಸ್ವಲ್ಪ ಹೆಚ್ಚಾದರೂ ಸೋಪಿನ ರುಚಿ, ಕಾಫಿಯ ಬಣ್ಣವೂ ಮಂಕು.

ನೊರೆ ಬೇಕಾದರೆ 60 ಡಿಗ್ರಿ ದಾಟಿಸಬೇಡಿ. ಹಸುವಿನ ಹಾಲು 65ರವರೆಗೆ ತಡೆದೀತು, ಓಟ್ಸ್ ಸೋಯಾ ತಡೆಯುವುದಿಲ್ಲ, ನೊರೆ ಒಂದು ಕಡೆ ನೀರು ಒಂದು ಕಡೆ ಆಗುತ್ತದೆ.

ಮಿಳ್ಳೆಲೋಟ
ಹಾಲು ಹಾಕಿ ಕುದಿಸುವ ಟೀಗೆ?

ಕಹಿಕಾಫಿ
ಹಾಲನ್ನು ಕುದಿಸಬೇಡಿ. ಟೀ ಸೊಪ್ಪು ನೀರಲ್ಲೇ ಚೆನ್ನಾಗಿ ಕುದಿದು, ಒಲೆ ಆರಿಸಿ, ಸೋಸಿ, ಆಮೇಲೆ ಬಿಸಿ ಹಾಲು. ನೀರಿನ ಪಾಲು ಕಡಿಮೆ ಮಾಡಿ ಟೀ ಗಟ್ಟಿ ಇಟ್ಟುಕೊಂಡರೆ ಹಾಲು ಧಾರಾಳ ಹಾಕಬಹುದು. ಶುಂಠಿ ಹಾಕುವುದಿದ್ದರೆ ಅದೂ ಮೊದಲೇ ನೀರಲ್ಲಿ ಕುದಿಯಲಿ. ಹಸಿ ಶುಂಠಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ, ಕುದಿದರೆ ಅದು ಸತ್ತುಹೋಗುತ್ತದೆ. ನಿಂಬೆ ಟೀಗೆ ಯಾವ ಹಾಲೂ ಬೇಡ, ಅದು ಬೇರೆ ಮಾತು.

ಹೆಪ್ಪುಹಾಕಿ
ಸೋಯಾದ ಹಸಿ ವಾಸನೆಗೆ ಕಾರಣ ಕಾಳಲ್ಲ, ರುಬ್ಬುವ ರೀತಿ. ಸೋಯಾ ಕಾಳಿನಲ್ಲಿ ಲಿಪಾಕ್ಸಿಜನೇಸ್ ಎಂಬ ಕಿಣ್ವ ಇದೆ. ಕಾಳು ಒಡೆದು, ನೀರು ಗಾಳಿ ಸೇರಿದ ಕೂಡಲೇ ಅದು ಎಣ್ಣೆಯ ಅಂಶದ ಮೇಲೆ ಕೆಲಸ ಶುರುಮಾಡುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಆ ಹುಲ್ಲುಹುಲ್ಲು ವಾಸನೆ ಹುಟ್ಟಿಬಿಡುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಪೂರ್ತಿ ಹೋಗದು. ಹಾಗಾಗಿ ವಾಸನೆ ಹುಟ್ಟುವ ಮೊದಲೇ ಕಿಣ್ವವನ್ನು ಕೊಲ್ಲಬೇಕು. 80 ಡಿಗ್ರಿ ಮೇಲಿನ ಬಿಸಿಯಲ್ಲಿ ಅದು ಉಳಿಯುವುದಿಲ್ಲ.

ಅಳತೆ: ಒಣ ಸೋಯಾ 120 ಗ್ರಾಂ, ನೀರು 1 ಲೀಟರ್.

ಕಾಳನ್ನು 8ರಿಂದ 12 ಗಂಟೆ ನೆನೆಸಿ. ಸೆಕೆ ಇದ್ದರೆ ಫ್ರಿಜ್‌ನಲ್ಲೇ ನೆನೆಯಲಿ, ಹೊರಗಿಟ್ಟರೆ ನೀರು ಹುಳಿ ಬರುತ್ತದೆ. ನೆಂದ ಕಾಳು ತೂಗಿದರೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿರಬೇಕು. ಒಂದು ಕಾಳನ್ನು ಸೀಳಿ ನೋಡಿ. ಒಳಮೈ ಚಪ್ಪಟೆಯಾಗಿ ಒಂದೇ ಬಣ್ಣ ಇದ್ದರೆ ನೆಂದಿದೆ, ನಡುವೆ ಗುಳಿಬಿದ್ದು ಗಾಢ ಹಳದಿ ಉಳಿದಿದ್ದರೆ ಇನ್ನೂ ಹೊತ್ತು ಬೇಕು. ಆ ನೀರು ಚೆಲ್ಲಿ, ತೊಳೆಯಿರಿ.

ಬೇರೆ ಪಾತ್ರೆಯಲ್ಲಿ 1 ಲೀಟರ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಕುದಿಸಿ, ಕಾಳನ್ನು 5 ನಿಮಿಷ ಅದರಲ್ಲಿ ಬೇಯಿಸಿ, ಬಸಿದು, ಮತ್ತೆ ತೊಳೆಯಿರಿ. ಇದು ಆಯ್ತೆಂದರೆ ವಾಸನೆಯ ಮುಕ್ಕಾಲು ಪಾಲು ಕೆಲಸ ಮುಗಿಯಿತು. ರುಬ್ಬುವುದೂ ಬಿಸಿ ನೀರಲ್ಲೇ. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದಲ್ಲಿ ಹಬೆ ಹೋಗಲು ದಾರಿ ಇರಲಿ. ಬಿಗಿಯಾಗಿ ಮುಚ್ಚಿ ತಿರುಗಿಸಿದರೆ ಹಬೆಯೇ ಮುಚ್ಚಳ ಎಬ್ಬಿಸಿ ಮೈಮೇಲೆ ಹಾರಿಸುತ್ತದೆ. ನಿಮ್ಮ ಜಾರ್ ಬಿಸಿ ತಡೆಯುವಂಥದ್ದಲ್ಲದಿದ್ದರೆ ಈ ಹಂತಕ್ಕೆ ಕೈ ಹಾಕಬೇಡಿ, ಬೇಯಿಸಿದ ಕಾಳನ್ನು ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿದರೂ ನಡೆಯುತ್ತದೆ.

ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಹಿಂಡಿ. ಸೋಯಾವನ್ನು ಗಟ್ಟಿಯಾಗಿ ಹಿಂಡಬಹುದು, ಅಡ್ಡಿಯಿಲ್ಲ.

ಈಗ ಕುದಿಸುವುದು. ಇಲ್ಲೇ ಹೆಚ್ಚಿನವರು ಎಡವುವುದು. 80-85 ಡಿಗ್ರಿ ಬರುತ್ತಿದ್ದಂತೆ ನೊರೆ ಧಿಗ್ಗನೆ ಏರುತ್ತದೆ, ಕುದಿ ಬಂತು ಎಂದುಕೊಂಡು ಇಳಿಸಿಬಿಡುತ್ತಾರೆ. ಅದು ಕುದಿಯಲ್ಲ, ಕಾಳಿನ ಸಪೋನಿನ್ ಎಬ್ಬಿಸಿದ ನೊರೆ. ಉರಿ ತಗ್ಗಿಸಿ, ನೊರೆ ತೆಗೆದು, ನಿಜವಾದ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15-20 ನಿಮಿಷ ಬಿಡಿ, ತಳ ಕೆರೆಯುತ್ತಾ ಇರಿ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ (ಪ್ರೋಟೀನ್ ಜೀರ್ಣಿಸುವ ನಮ್ಮ ಹೊಟ್ಟೆಯ ಕಿಣ್ವ) ತಡೆಯುವ ಅಂಶ ಇರುತ್ತದೆ. ಅದು ಸಾಯದಿದ್ದರೆ ಪ್ರೋಟೀನ್ ಜೀರ್ಣವಾಗದು, ಹೊಟ್ಟೆಯೂ ಕೆಡುತ್ತದೆ. ಒಂದೆರಡು ಹನಿ ಎಣ್ಣೆ ಬಿಟ್ಟರೆ ನೊರೆ ಹಿಡಿತಕ್ಕೆ ಬರುತ್ತದೆ. ಕೊನೆಗೆ ಚಿಟಿಕೆ ಉಪ್ಪು.

ಸುಮಾರು 900 ಮಿ.ಲೀ. ಸಿಗುತ್ತದೆ, ಪ್ರೋಟೀನ್ ಹಸುವಿನ ಹಾಲಿನ ಮಟ್ಟಕ್ಕೇ.

ಒಲೆಉರಿ
ಸೋಡಾದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ಬೇಯಿಸಬೇಡಿ. ಕಾಳು ಒಳಗೇ ಬೆಂದು ಪ್ರೋಟೀನ್ ಅಲ್ಲೇ ಹೆಪ್ಪಾಗುತ್ತದೆ, ರುಬ್ಬಿದಾಗ ನೀರಿಗೆ ಇಳಿಯುವುದಿಲ್ಲ. ಹಾಲು ತೆಳ್ಳಗೆ, ಸೋಸಿದ ಮೇಲೆ ಉಳಿಯುವ ಹಿಂಡಿ ಜಾಸ್ತಿ.

ಹೆಪ್ಪುಹಾಕಿ
ಹೌದು. ವಾಸನೆ ಬೇಡ ಅಂದರೆ ಒಂದಿಷ್ಟು ಪ್ರೋಟೀನ್ ಬಿಟ್ಟುಕೊಡಬೇಕು. ಮೊಸರಿಗೆಂದೇ ಮಾಡುವ ಹಾಲಿಗೆ ನಾನು ಸೋಡಾ ಹಂತ ಬಿಡಿ ಎನ್ನುತ್ತೇನೆ, ಬಿಸಿ ನೀರಲ್ಲಿ ರುಬ್ಬಿದರೆ ಸಾಕು. ಹುಳಿ ಬಂದ ಮೇಲೆ ವಾಸನೆ ಅಷ್ಟಾಗಿ ತಿಳಿಯುವುದೂ ಇಲ್ಲ.

ಅಳತೆಚಮಚ
ಈಗ ಓಟ್ಸ್. ಲೋಳೆಗೆ ಎರಡು ಕಾರಣ: ಬೀಟಾ ಗ್ಲೂಕನ್ ಎಂಬ ಕರಗುವ ನಾರು, ಮತ್ತು ಪಿಷ್ಟ. ನೆನೆಸಿದಷ್ಟೂ, ತಿರುಗಿಸಿದಷ್ಟೂ, ಹಿಂಡಿದಷ್ಟೂ ಎರಡೂ ನೀರಿಗಿಳಿಯುತ್ತವೆ. ಬಾದಾಮಿಯ ಅಭ್ಯಾಸದಲ್ಲಿ ರಾತ್ರಿಯಿಡೀ ನೆನೆಸಿ ಎರಡು ನಿಮಿಷ ರುಬ್ಬಿದರೆ ಲೋಳೆ ಬಾರದೆ ಇನ್ನೇನು ಬರಬೇಕು!

ಚಪ್ಪಟೆ ಓಟ್ಸ್ 80 ಗ್ರಾಂ, ಐಸ್ ಹಾಕಿ ತಣಿಸಿದ ನೀರು 800 ಮಿ.ಲೀ. ನೆನೆಸದೆ ನೇರ ಮಿಕ್ಸಿಗೆ, 20-25 ಸೆಕೆಂಡು, ಅಷ್ಟೇ. ಸಣ್ಣ ಕಣ್ಣಿನ ಜರಡಿಯಲ್ಲಿ ಒಮ್ಮೆ, ಬಟ್ಟೆಯಲ್ಲಿ ಒಮ್ಮೆ, ತಾನಾಗಿ ಇಳಿದಷ್ಟು ಸಾಕು. ಹಿಂಡಬೇಡಿ. ಚಿಟಿಕೆ ಉಪ್ಪು, ಬೇಕಾದರೆ ವಾಸನೆಯಿಲ್ಲದ ಎಣ್ಣೆ ಒಂದು ಟೇಬಲ್ ಚಮಚ ಹಾಕಿ ಇನ್ನೊಮ್ಮೆ 5 ಸೆಕೆಂಡು. ತಕ್ಷಣ ಬೇಯುವ ಪುಡಿ ಓಟ್ಸ್ ಬೇಡ, ಅದರ ಪಿಷ್ಟ ಅರ್ಧ ಬೆಂದಿರುತ್ತದೆ.

ಆದರೆ ಇದು ತಣ್ಣಗೆ ಕುಡಿಯಲು, ಗಂಜಿಗೆ ಮಾತ್ರ. ಬಿಸಿ ಮಾಡಿದರೆ 55-60 ಡಿಗ್ರಿಯಲ್ಲೇ ಪಿಷ್ಟ ಉಬ್ಬಿ ಹಾಲು ಅಂಬಲಿಯಾಗುತ್ತದೆ. ನಿಜ ಹೇಳಬೇಕೆಂದರೆ ಓಟ್ಸ್ ಗಂಜಿಗೆ ಓಟ್ಸ್ ಹಾಲು ಸೋಸಿ ಹಾಕುವುದರಲ್ಲಿ ಅರ್ಥವಿಲ್ಲ, ಒಂದು ಹಿಡಿ ಓಟ್ಸ್ ಜಾಸ್ತಿ ಹಾಕಿದರೆ ಮುಗಿಯಿತು.

ಮಿಳ್ಳೆಲೋಟ
ಹಾಗಾದರೆ ಅಂಗಡಿಯ ಓಟ್ಸ್ ಹಾಲು ಬಿಸಿಗೆ ಗಟ್ಟಿಯಾಗುವುದಿಲ್ಲವಲ್ಲ?

ಅಳತೆಚಮಚ
ಅಲ್ಲಿ ಪಿಷ್ಟ ಪಿಷ್ಟವಾಗಿ ಉಳಿದಿರುವುದಿಲ್ಲ. 1990ರ ದಶಕದ ಆರಂಭದಲ್ಲಿ ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ ರೂಪಿಸಿದ ವಿಧಾನದ ತಿರುಳೇ ಇದು: ಅಮೈಲೇಸ್ ಕಿಣ್ವದಿಂದ ಪಿಷ್ಟವನ್ನು ತುಂಡರಿಸುವುದು. ಅದರಿಂದ ಹಾಲು ತೆಳುವಾಗಿಯೇ ಇರುತ್ತದೆ, ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟಿ ಸಿಹಿಯೂ ಬರುತ್ತದೆ.

ಮನೆಯಲ್ಲೂ ಆಗುತ್ತದೆ, ಥರ್ಮಾಮೀಟರ್ ಬೇಕು. ಓಟ್ಸ್ ಅನ್ನು ಕಾರ್ಖಾನೆಯಲ್ಲೇ ಹಬೆಯಲ್ಲಿ ಬಿಸಿ ಮಾಡಿರುವುದರಿಂದ ಅದರದೇ ಕಿಣ್ವ ಸತ್ತಿರುತ್ತದೆ, ಹೊರಗಿಂದ ಹಾಕಬೇಕು. ಬ್ರೆಡ್ ಮಾಡುವವರು ಬಳಸುವ ಫಂಗಲ್ ಆಲ್ಫಾ ಅಮೈಲೇಸ್ ಪುಡಿ ಆಗುತ್ತದೆ, ಪ್ರಮಾಣ ಪ್ಯಾಕೆಟ್ ಮೇಲೆ ಇದ್ದಂತೆ.

80 ಗ್ರಾಂ ಓಟ್ಸ್ ಪುಡಿಯನ್ನು 800 ಮಿ.ಲೀ. ನೀರಿನಲ್ಲಿ ಕಲಕುತ್ತಾ 75 ಡಿಗ್ರಿವರೆಗೆ ಬಿಸಿ ಮಾಡಿ. ಗಟ್ಟಿ ಗಂಜಿಯಾಗುತ್ತದೆ, ಆಗಲಿ. ಪಿಷ್ಟ ಉಬ್ಬಿದರೇ ಕಿಣ್ವಕ್ಕೆ ಸಿಗುವುದು. 55 ಡಿಗ್ರಿಗೆ ಇಳಿಸಿ ಕಿಣ್ವ ಬೆರೆಸಿ. ಕಣ್ಣೆದುರೇ ನೀರಾಗುತ್ತಾ ಬರುತ್ತದೆ. ಮುಚ್ಚಿ 20-30 ನಿಮಿಷ 50-55ರಲ್ಲೇ ಇಡಿ. 65 ದಾಟಿದರೆ ಈ ಕಿಣ್ವ ಬೇಗ ಸೋಲುತ್ತದೆ, ಅರ್ಧ ಕೆಲಸಕ್ಕೇ ನಿಂತುಬಿಡುತ್ತದೆ. ಪಿಷ್ಟ ಉಳಿದಿದೆಯೇ ಎಂದು ನೋಡಲು ಒಂದು ಚಮಚ ಹಾಲನ್ನು ಬೇರೆ ತಟ್ಟೆಗೆ ತೆಗೆದು, ತಣಿದ ಮೇಲೆ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಯಾದರೆ ಇನ್ನೂ ಇದೆ. ಆ ತಟ್ಟೆಯದನ್ನು ಚೆಲ್ಲಿ.

ಕೊನೆಗೆ 5-10 ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ, ಸೋಸಿ. ಕುದಿಸುವುದನ್ನು ಬಿಟ್ಟಿರೋ, ಅದರ ಫಲ ಕಸ್ಟರ್ಡ್‌ನಲ್ಲಿ ಕಾಣುತ್ತದೆ.

ಒಲೆಉರಿ
ಅದನ್ನು ನಾನು ಹೇಳುತ್ತೇನೆ. ಕಿಣ್ವ ಜೀವಂತ ಇರುವ ಓಟ್ಸ್ ಹಾಲಿನಲ್ಲಿ ಜೋಳದ ಪಿಷ್ಟದ (ಕಾರ್ನ್‌ಫ್ಲೋರ್, ಮೆಕ್ಕೆಜೋಳದ್ದು) ಕಸ್ಟರ್ಡ್ ಮಾಡಿದರೆ ಒಲೆಯ ಮೇಲೆ ಗಟ್ಟಿಯಾದಂತೆ ಕಂಡು, ಬಟ್ಟಲಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿದರೆ ನೀರು. ಕಿಣ್ವ ಅದನ್ನೂ ತಿಂದಿರುತ್ತದೆ. ಶಾಖ ತಡೆಯುವ ಬ್ಯಾಕ್ಟೀರಿಯಾ ಮೂಲದ ಅಮೈಲೇಸ್ ತಂದಿದ್ದರೆ ಇನ್ನೂ ಕಷ್ಟ, ಅದು 90 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ.

ಅಡುಗೆಯ ಲೆಕ್ಕ ಹೀಗೆ.

ವೈಟ್ ಸಾಸ್: 500 ಮಿ.ಲೀ. ಸಾದಾ ಸೋಯಾ ಹಾಲಿಗೆ 35 ಗ್ರಾಂ ಮೈದಾ, 35 ಗ್ರಾಂ ಎಣ್ಣೆ. ಮೈದಾ ಎಣ್ಣೆಯಲ್ಲಿ ಎರಡು ನಿಮಿಷ ಬಾಡಲಿ, ಬಣ್ಣ ಬದಲಾಗಬಾರದು. ಬೆಚ್ಚಗಿನ ಹಾಲನ್ನು ನಾಲ್ಕೈದು ಕಂತಿನಲ್ಲಿ ಹಾಕಿ ಪ್ರತಿ ಸಲವೂ ಗಂಟು ಒಡೆಯುವವರೆಗೆ ತಿರುವಿ. ಸೋಯಾ ತಳ ಹಿಡಿಯುವುದು ಜಾಸ್ತಿ, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಕಿಣ್ವ ಹಾಕದ ಮನೆಯ ಓಟ್ಸ್ ಹಾಲಾದರೆ ಮೈದಾ 25 ಗ್ರಾಂಗೆ ಇಳಿಸಿ, ಅದರಲ್ಲೇ ಪಿಷ್ಟ ಇದೆ. ಪ್ಯಾಕೆಟ್ ಮೇಲೆ 'ಒರಿಜಿನಲ್' ಎಂದಿದ್ದರೆ ಸಕ್ಕರೆ ಇಲ್ಲ ಎಂದು ಅರ್ಥವಲ್ಲ. ಸಿಹಿ, ವೆನಿಲ್ಲಾ ಹಾಕಿದ ಹಾಲಿನಲ್ಲಿ ಖಾರದ ಸಾಸ್ ಮಾಡಿ ಮಣ್ಣುಪಾಲಾದದ್ದಕ್ಕೆ ಲೆಕ್ಕವಿಲ್ಲ.

ಕೆನೆಯಂಥ ಗ್ರೇವಿಗೆ ಗೋಡಂಬಿಯನ್ನು ಮೀರಿಸಿದ್ದಿಲ್ಲ. 50 ಗ್ರಾಂ ಗೋಡಂಬಿಯನ್ನು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, 100 ಮಿ.ಲೀ. ನೀರು ಹಾಕಿ ನುಣ್ಣಗೆ ರುಬ್ಬಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಸೋಸುವುದು ಬೇಡ. ಕುಡಿಯುವ ಹಾಲಿಗಾದರೆ 60 ಗ್ರಾಂಗೆ 500 ಮಿ.ಲೀ. ಇದರಲ್ಲೂ ಪಿಷ್ಟ ಇರುವುದರಿಂದ ಬಿಸಿಗೆ ಗಟ್ಟಿಯಾಗುತ್ತದೆ, ಹಾಗಾಗಿ ಕೊನೆಯ 5 ನಿಮಿಷದಲ್ಲಿ ಹಾಕಿ, ಬೇಕೆನಿಸಿದ್ದಕ್ಕಿಂತ ತೆಳ್ಳಗಿರುವಾಗಲೇ ಇಳಿಸಿ. ಟೊಮೆಟೊ ಇದ್ದರೂ ಕಣ್ಣಿಗೆ ಕಾಣುವಂತೆ ಒಡೆಯುವುದಿಲ್ಲ, ಪಿಷ್ಟ ಹಿಡಿದಿಟ್ಟುಕೊಳ್ಳುತ್ತದೆ.

ತೆಂಗಿನ ಹಾಲಿಗೆ ಅವಸರ ಆಗದು. ತುರಿ 250 ಗ್ರಾಂ, 60-70 ಡಿಗ್ರಿ ಬಿಸಿಯ ನೀರು 250 ಮಿ.ಲೀ. ಹಾಕಿ ರುಬ್ಬಿ ಹಿಂಡಿದ್ದು ಮೊದಲ ಹಾಲು. ಅದೇ ತುರಿಗೆ ಇನ್ನೂ 250 ಮಿ.ಲೀ. ಹಾಕಿ ಹಿಂಡಿದ್ದು ಎರಡನೆಯದು. ಬೇಯಿಸಲು ಎರಡನೆಯದು, ಮೊದಲಿನದು ಒಲೆ ಆರಿಸುವ ಹೊತ್ತಿಗೆ. 80 ಡಿಗ್ರಿ ಸುಮಾರಿಗೆ ಅದರ ಪ್ರೋಟೀನ್ ಹೆಪ್ಪಾಗಿ ಎಣ್ಣೆಯನ್ನು ಬಿಟ್ಟುಕೊಡುತ್ತದೆ, ಕೊತಕೊತ ಕುದಿಸಿದರೆ ಮೇಲೆ ಎಣ್ಣೆ, ಕೆಳಗೆ ತರಿ. ಕುದಿಸಲೇಬೇಕು ಎಂದಾದರೆ 250 ಮಿ.ಲೀ.ಗೆ ಒಂದು ಟೀ ಚಮಚ ಜೋಳದ ಪಿಷ್ಟವನ್ನು ತಣ್ಣೀರಲ್ಲಿ ಕದಡಿ ಸೇರಿಸಿ. ಇನ್ನೊಂದು, ಡಬ್ಬಿಯ ತೆಂಗಿನ ಹಾಲು ಬೇರೆ, ಪ್ಯಾಕೆಟ್ಟಿನ ಕುಡಿಯುವ ತೆಂಗಿನ ಪಾನೀಯ ಬೇರೆ. ಡಬ್ಬಿಯದರಲ್ಲಿ ಕೊಬ್ಬು ಶೇ. 20ರ ಹತ್ತಿರ, ಪಾನೀಯ ಬಹುಪಾಲು ನೀರೇ. ಒಂದರ ಬದಲು ಇನ್ನೊಂದು ಹಾಕಿದರೆ ಗ್ರೇವಿ ನೀರುನೀರು.

ಕೇಕ್‌ಗೆ ಸೋಯಾ, ಅಳತೆ ಹಸುವಿನ ಹಾಲಿನಷ್ಟೇ. ಮಜ್ಜಿಗೆ ಬೇಕಾದ ಕಡೆ 240 ಮಿ.ಲೀ. ಸೋಯಾಗೆ 15 ಮಿ.ಲೀ. ನಿಂಬೆರಸ ಅಥವಾ ವಿನೆಗರ್, 10 ನಿಮಿಷ ಬಿಟ್ಟರೆ ದಪ್ಪಗಾಗುತ್ತದೆ. ಬಾದಾಮಿ ಹಾಲಿಗೆ ಹಾಕಿದರೆ ಹುಳಿ ಬರುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಸೋಡಾದ ಜೊತೆ ಉಬ್ಬಲು ಆ ಹುಳಿ ಸಾಕು. ಅಕ್ಕಿ ಹಾಲಿನ ಕೇಕ್ ಬಣ್ಣ ಬಾರದೆ ಬಿಳಿಚಿಕೊಳ್ಳುತ್ತದೆ.

ತಣ್ಣಗಿನ ಹಾಲಿಗೆ ಹಾಕಿ ಕಲಕುವ ಇನ್‌ಸ್ಟಂಟ್ ಪುಡ್ಡಿಂಗ್ ಪುಡಿಯನ್ನು ಸಸ್ಯ ಹಾಲಿಗೆ ಬಳಸಬೇಡಿ. ಅದು ಗಟ್ಟಿಯಾಗಲು ಹಸುವಿನ ಹಾಲಿನ ಕೇಸಿನ್ ಎಂಬ ಪ್ರೋಟೀನ್, ಕ್ಯಾಲ್ಸಿಯಂ ಬೇಕು. ಬೇಯಿಸುವ ಕಸ್ಟರ್ಡ್ ಸರಿ: 500 ಮಿ.ಲೀ.ಗೆ ಜೋಳದ ಪಿಷ್ಟ 40 ಗ್ರಾಂ.

ಲೇಬಲ್‌ಓದುಗ
ಬಾದಾಮಿಯ ಬಗ್ಗೆ ಯಾರೂ ಹೇಳಲಿಲ್ಲ. 100 ಗ್ರಾಂ, 8 ಗಂಟೆ ನೆನೆಸಿ, ಸಿಪ್ಪೆ ತೆಗೆದು, 800 ಮಿ.ಲೀ. ನೀರಲ್ಲಿ ಒಂದೂವರೆ ನಿಮಿಷ ರುಬ್ಬಿ ಗಟ್ಟಿಯಾಗಿ ಹಿಂಡಿ. ಅಂಗಡಿಯದಕ್ಕಿಂತ ನಾಲ್ಕು ಪಟ್ಟು ಬಾದಾಮಿ ಇರುತ್ತದೆ, ರುಚಿಯ ಮಟ್ಟಿಗೆ ಹೋಲಿಕೆಯೇ ಇಲ್ಲ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇರುವವರು ದಿನವೂ ಕುಡಿಯುವುದು ಬೇಡ, ಬಾದಾಮಿಯಲ್ಲಿ ಆಕ್ಸಲೇಟ್ ಹೆಚ್ಚು.

ಕಹಿಕಾಫಿ
ಬಾದಾಮಿಗೆ ನೀರು ವಿಪರೀತ ಬೇಕು, ಪರಿಸರಕ್ಕೆ ಹಸುವಿನ ಹಾಲಿಗಿಂತ ಕೆಟ್ಟದ್ದು ಎನ್ನುತ್ತಾರಲ್ಲ?

ಲೇಬಲ್‌ಓದುಗ
ಸಸ್ಯ ಹಾಲುಗಳ ಸಾಲಿನಲ್ಲಿ ನೀರು ಹೆಚ್ಚು ಬೇಡುವುದು ಅದೇ, ನಿಜ. ಹಸುವಿನ ಹಾಲಿಗಿಂತ ಕೆಟ್ಟದ್ದು ಎಂಬುದು ಸುಳ್ಳು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪೂರ್ ಮತ್ತು ನೆಮೆಚೆಕ್ ಅಧ್ಯಯನದ ಜಾಗತಿಕ ಸರಾಸರಿಯಂತೆ 1 ಲೀಟರ್‌ಗೆ ಹಸುವಿನ ಹಾಲಿಗೆ ಸುಮಾರು 628 ಲೀಟರ್ ನೀರು, ಬಾದಾಮಿಗೆ 371, ಅಕ್ಕಿಗೆ 270, ಓಟ್ಸ್‌ಗೆ 48, ಸೋಯಾಗೆ 28. ಆದರೆ ಆ ಲೆಕ್ಕ ಲೀಟರ್‌ಗೆ. ಪ್ರೋಟೀನ್ ಗ್ರಾಂಗೆ ಲೆಕ್ಕ ಹಾಕಿದರೆ ಬಾದಾಮಿಯ ಸ್ಥಾನ ಇನ್ನೂ ಕೆಳಗಿಳಿಯುತ್ತದೆ.

ಮಿಳ್ಳೆಲೋಟ
ಮೊಸರು?

ಹೆಪ್ಪುಹಾಕಿ
ಸೋಯಾದಲ್ಲಿ ಮಾತ್ರ ನಿಜವಾದ ಮೊಸರು. ಬಟಾಣಿ ಹಾಲೂ ಒಂದು ಮಟ್ಟಿಗೆ. ಅಂಗಡಿಯದಾದರೆ ಸೋಯಾ ಮತ್ತು ನೀರು, ಇವೆರಡೇ ಇರುವ ಪ್ಯಾಕೆಟ್ ಆರಿಸಿ.

1 ಲೀಟರ್ ಹಾಲನ್ನು 43 ಡಿಗ್ರಿಗೆ ತಣಿಸಿ. ಸೋಯಾದಲ್ಲಿ ಲ್ಯಾಕ್ಟೋಸ್ ಇಲ್ಲ, ಬ್ಯಾಕ್ಟೀರಿಯಾಕ್ಕೆ ತಿನ್ನಲು ಎರಡು ಟೀ ಚಮಚ ಸಕ್ಕರೆ ಹಾಕಿ. ಅದು ಹುಳಿಯಾಗಿ ಮಾರ್ಪಡುತ್ತದೆ, ಮೊಸರು ಸಿಹಿಯಾಗುವುದಿಲ್ಲ. ಹೆಪ್ಪಿಗೆ ಜೀವಂತ ಬ್ಯಾಕ್ಟೀರಿಯಾ ಇರುವ ಸೋಯಾ ಮೊಸರು ಎರಡು ಟೇಬಲ್ ಚಮಚ. 40-43 ಡಿಗ್ರಿಯಲ್ಲಿ 6ರಿಂದ 10 ಗಂಟೆ, ಅಲುಗಾಡಿಸಬೇಡಿ. ಪಾತ್ರೆ ವಾಲಿಸಿದಾಗ ಅಂಚು ಬಿಟ್ಟು ಒಂದೇ ಗಡ್ಡೆಯಾಗಿ ಜಾರಿದರೆ ಆಯಿತು, ಫ್ರಿಜ್‌ಗೆ ಹಾಕಿ.

ತರಿತರಿಯಾಗಿ ನೀರು ಬಿಟ್ಟಿದ್ದರೆ ಬಿಸಿ ಜಾಸ್ತಿ ಆಗಿದೆ, ಇಲ್ಲವೇ ಹೊತ್ತು ಜಾಸ್ತಿ ಆಗಿದೆ. ಹುಳಿಯೇ ಬರದಿದ್ದರೆ ಹೆಪ್ಪು ಸತ್ತಿರಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ಹಾಲಾದರೆ ಅದು ಹುಟ್ಟಿದ ಹುಳಿಯನ್ನು ನುಂಗುತ್ತಾ ಹೋಗುತ್ತದೆ, ಹೆಪ್ಪಾಗಲು ಎರಡು ಮೂರು ಗಂಟೆ ಹೆಚ್ಚು ಬೇಕು.

ಓಟ್ಸ್, ಬಾದಾಮಿ, ತೆಂಗು ಹುಳಿಯಾಗುತ್ತವೆ, ಗಟ್ಟಿಯಾಗುವುದಿಲ್ಲ. ಹಾಲಿಗೆ ಮೊದಲೇ ಲೀಟರ್‌ಗೆ 25-30 ಗ್ರಾಂ ಜೋಳದ ಪಿಷ್ಟ ಹಾಕಿ ಬೇಯಿಸಿ, ತಣಿಸಿ, ಆಮೇಲೆ ಹೆಪ್ಪು. ಅಥವಾ 2-3 ಗ್ರಾಂ ಅಗರ್ (ಕಡಲಪಾಚಿಯಿಂದ ತೆಗೆದ, ಗಟ್ಟಿಮಾಡುವ ಪುಡಿ) ಹಾಕಿ ಎರಡು ನಿಮಿಷ ಕುದಿಸಿ. ಅಗರ್ 40ರ ಕೆಳಗೆ ಗಟ್ಟಿಯಾಗುವುದರಿಂದ ಹೆಪ್ಪು ಹಾಕುವುದು ಅದಕ್ಕೂ ಮೊದಲೇ ಆಗಬೇಕು. ಇವುಗಳಲ್ಲಿ ಗಟ್ಟಿತನ ನೋಡಿ ಹುಳಿ ಅಳೆಯಲಾಗದು, ಪಿಎಚ್ ಪಟ್ಟಿ ಇಟ್ಟುಕೊಳ್ಳಿ. 12 ಗಂಟೆಯಾದರೂ 4.6ಕ್ಕೆ ಇಳಿಯದಿದ್ದರೆ ಚೆಲ್ಲಿಬಿಡಿ, ಬೆಚ್ಚಗಿನ ಜಾಗದಲ್ಲಿ ಬೇರೆ ಏನು ಬೆಳೆದಿದೆಯೋ ಹೇಳಲಾಗದು.

ಲೇಬಲ್‌ಓದುಗ
ಮನೆಯಲ್ಲೇ ಮಾಡಿಕೊಳ್ಳುವವರು ಕ್ಯಾಲ್ಸಿಯಂ ಮರೆಯಬೇಡಿ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ, ಮನೆಯ ಸೋಯಾದಲ್ಲಿ 25ರ ಆಸುಪಾಸು, ಓಟ್ಸ್‌ನಲ್ಲಿ ಅದಕ್ಕೂ ಕಡಿಮೆ. ಬಿ12, ಡಿ ವಿಟಮಿನ್, ಅಯೋಡಿನ್ ಕೂಡ ಅಷ್ಟೇ, ಹೊರಗಿಂದ ಸೇರಿಸದಿದ್ದರೆ ಲೆಕ್ಕಕ್ಕಿಲ್ಲ. ಕುಡಿಯುವುದಕ್ಕೆ ಪೋಷಕಾಂಶ ಸೇರಿಸಿದ ಪ್ಯಾಕೆಟ್ ಹಾಲು, ಅಡುಗೆಗೆ ಮೊಸರಿಗೆ ಮನೆಯದು, ಹೀಗೆ ಹಂಚಿಕೊಂಡರೆ ಎರಡೂ ಸರಿಹೋಗುತ್ತದೆ. ಯುರೋಪಿನ ಸಾವಯವ ನಿಯಮ ಹೀಗೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಆದ್ದರಿಂದ ಅಲ್ಲಿನ ಸಾವಯವ ಪ್ಯಾಕೆಟ್‌ನಲ್ಲಿ ಕ್ಯಾಲ್ಸಿಯಂ ಇರುತ್ತದೆಂದು ನಂಬಿಕೂರಬೇಡಿ.

ಸೇರಿಸಿದ ಕ್ಯಾಲ್ಸಿಯಂ ಕರಗಿರುವುದಿಲ್ಲ, ಬಿಳಿ ಗಸಿಯಾಗಿ ತಳದಲ್ಲಿ ಕೂತಿರುತ್ತದೆ. ಪ್ರತಿ ಸಲ ಕುಲುಕಿ ಹಾಕದಿದ್ದರೆ ಅದು ಡಬ್ಬದ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ.

ಓಟ್ಸ್ ಹಾಲಿನ ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದಿದ್ದರೂ ಪೋಷಕಾಂಶ ಪಟ್ಟಿಯಲ್ಲಿ 3-4 ಗ್ರಾಂ ಸಕ್ಕರೆ ಕಾಣುತ್ತದೆ. ಅಳತೆಚಮಚ ಅವರು ಹೇಳಿದ ಮಾಲ್ಟೋಸ್ ಅದು. ಸಕ್ಕರೆ ಕಾಯಿಲೆ ಇರುವವರು ಪಟ್ಟಿ ನೋಡಿ, ಮುಂಭಾಗದ ಅಕ್ಷರ ನೋಡಬೇಡಿ.

ಒಂದು ವರ್ಷದೊಳಗಿನ ಮಗುವಿಗೆ ಇವು ಯಾವುವೂ ಎದೆಹಾಲಿಗಾಗಲಿ ಶಿಶು ಆಹಾರಕ್ಕಾಗಲಿ ಬದಲಿಯಲ್ಲ. ಅಕ್ಕಿಯಲ್ಲಿ ಆರ್ಸೆನಿಕ್ ಸೇರಿರುವ ಕಾರಣ ಐದು ವರ್ಷದೊಳಗಿನವರಿಗೆ ಅಕ್ಕಿ ಪಾನೀಯ ಕೊಡಬೇಡಿ ಎಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುತ್ತದೆ. ಥೈರಾಯಿಡ್‌ಗೆ ಲೆವೋಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಯಾ, ಕ್ಯಾಲ್ಸಿಯಂ ಎರಡೂ ಮಾತ್ರೆ ಹೀರಿಕೆಯನ್ನು ತಡೆಯುತ್ತವೆ. ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಎಂಬುದು ರೂಢಿಯ ಸಲಹೆ, ಸೋಯಾ ದಿನವೂ ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಿ.

ಮಿಳ್ಳೆಲೋಟ
ಎಷ್ಟು ದಿನ ಇಡಬಹುದು? ಫ್ರೀಜರ್‌ಗೆ ಹಾಕಬಹುದೇ? ಹಿಂಡಿದ ಮೇಲೆ ಉಳಿಯುವುದನ್ನು ಏನು ಮಾಡುವುದು?

ಒಲೆಉರಿ
ಕುದಿಸಿದ ಸೋಯಾ 4 ಡಿಗ್ರಿಯಲ್ಲಿ ಮೂರು ನಾಲ್ಕು ದಿನ. ಹಸಿಯಾಗಿಯೇ ಇಡುವ ಬಾದಾಮಿ, ಗೋಡಂಬಿ, ಓಟ್ಸ್ ಮೂರು ದಿನ. ತೆರೆದ ಪ್ಯಾಕೆಟ್ 5ರಿಂದ 7 ದಿನ, ಮೇಲೆ ಏನು ಬರೆದಿದೆಯೋ ಅದರಂತೆ. ಹಸುವಿನ ಹಾಲಿನ ಹಾಗೆ ಹುಳಿ ವಾಸನೆ ಬಂದು ಎಚ್ಚರಿಸುತ್ತದೆ ಎಂದು ಕಾಯಬೇಡಿ, ಕೆಟ್ಟರೂ ಇವು ಅಷ್ಟಾಗಿ ಹುಳಿಯಾಗುವುದಿಲ್ಲ. ತಳದಲ್ಲಿ ಗಸಿ ಕೂರುವುದು ಕೆಟ್ಟ ಲಕ್ಷಣವಲ್ಲ, ಕುಲುಕಿದರೆ ಸೇರಬೇಕು. ಕುಲುಕಿದ ಮೇಲೂ ಎಳೆ ಬಂದರೆ, ಪ್ಯಾಕೆಟ್ ಉಬ್ಬಿದ್ದರೆ ಚೆಲ್ಲಿ. ತೆಂಗಿನ ಹಾಲಿನ ಮೇಲೆ ಫ್ರಿಜ್‌ನಲ್ಲಿ ಗಟ್ಟಿ ಬಿಳಿ ಪದರ ಬಂದರೆ ಅದು ಕೊಬ್ಬು, ಬೆಚ್ಚಗೆ ಮಾಡಿದರೆ ಕರಗುತ್ತದೆ.

ಫ್ರೀಜರ್‌ನಲ್ಲಿ ಕೆಡುವುದಿಲ್ಲ, ಆದರೆ ಕರಗಿಸಿದಾಗ ಎಲ್ಲವೂ ಬೇರ್ಪಡುತ್ತವೆ. ಮಿಕ್ಸಿಯಲ್ಲಿ ಮತ್ತೆ ತಿರುಗಿಸಿದರೆ ಸಾಸ್‌ಗೆ, ಕೇಕ್‌ಗೆ ನಡೆದೀತು, ಕಾಫಿಗೆ ಆಗದು. ಐಸ್ ತಟ್ಟೆಯಲ್ಲಿ ಗಟ್ಟಿಮಾಡಿಟ್ಟರೆ ಬೇಕಾದಷ್ಟೇ ತೆಗೆಯಬಹುದು.

ಹೆಪ್ಪುಹಾಕಿ
ಹಿಂಡಿಯ ಬಗ್ಗೆ: ಬಾದಾಮಿಯದನ್ನು 90-100 ಡಿಗ್ರಿ ಓವನ್‌ನಲ್ಲಿ ತೆಳ್ಳಗೆ ಹರಡಿ ಎರಡು ಮೂರು ಗಂಟೆ ಒಣಗಿಸಿ ಪುಡಿಮಾಡಿದರೆ ಕೇಕ್‌ಗೆ ಮೈದಾದ ಕಾಲು ಭಾಗದ ಬದಲು ಹಾಕಬಹುದು. ಓಟ್ಸ್‌ನದು ಗಂಜಿಗೆ. ಸೋಯಾದ ಹಿಂಡಿ ಒದ್ದೆ ಜಾಸ್ತಿ, ಫ್ರಿಜ್‌ನಲ್ಲೂ ಎರಡು ದಿನ ತಡೆಯದು. ನೀವು ಕುದಿಸುವ ಮೊದಲು ಸೋಸುವುದರಿಂದ ಆ ಹಿಂಡಿ ಪೂರ್ತಿ ಬೆಂದಿರುವುದಿಲ್ಲ ಎಂಬುದು ನೆನಪಿರಲಿ. ಬಾಣಲೆಯಲ್ಲಿ ಬರೀ ಬಾಡಿಸಿದರೆ ಸಾಲದು, ನೀರು ಹಾಕಿ ಮುಚ್ಚಿ 15-20 ನಿಮಿಷ ಬೇಯಿಸಿ, ಆಮೇಲೆ ಯಾವುದಕ್ಕೆ ಬೇಕೋ ಅದಕ್ಕೆ ಬಳಸಿ.